ಹಿಂಜರಿತ ಬಂದಾಗ ಕುದುರೆಗಳ ಗತಿ

ಆರ್ಥಿಕ ಹಿಂಜರಿತ ಬಂದಾಗ ಕುದುರೆಯ ಬೆಲೆ ಕುಸಿಯುತ್ತದೆ. ಸಾಕುವ ಖರ್ಚು ಮಾತ್ರ ಹಾಗೇ ಉಳಿಯುತ್ತದೆ. 2008ರ ನಂತರ ಅಮೆರಿಕದಲ್ಲಿ ಇದು ಎದ್ದು ಕಂಡಿತು.

ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿರುವ ಕೀನ್‌ಲ್ಯಾಂಡ್, ರೇಸ್ ಕುದುರೆಗಳ ದೊಡ್ಡ ಹರಾಜು ಕೇಂದ್ರ. 2007ರ ಸೆಪ್ಟೆಂಬರ್ ಹರಾಜಿನಲ್ಲಿ ಒಂದು ವರ್ಷದ ಮರಿಗಳು ಒಟ್ಟು 38.5 ಕೋಟಿ ಡಾಲರ್‌ಗೆ ಮಾರಾಟವಾದವು. 2009ರಲ್ಲಿ ಆ ಮೊತ್ತ ಸುಮಾರು 19.2 ಕೋಟಿಗೆ, ಅಂದರೆ ಅರ್ಧಕ್ಕೆ ಇಳಿಯಿತು.

ಪೆಟ್ಟು ಇಷ್ಟು ಜೋರಾಗಲು ಒಂದು ಕಾರಣ ಕಾಲದ ಅಂತರ. ಕುದುರೆಯ ಗರ್ಭಾವಧಿ ಸುಮಾರು 11 ತಿಂಗಳು. 2009ರಲ್ಲಿ ಹರಾಜಿಗೆ ಬಂದ ಮರಿಗಳಿಗಾಗಿ ತಳಿಗಾರರು ಹೆಣ್ಣುಕುದುರೆಗಳಿಗೆ ಗಂಡು ಕೂಡಿಸಿದ್ದು 2007ರಲ್ಲಿ, ಮಾರುಕಟ್ಟೆ ಏರಿದ್ದಾಗ, ದುಬಾರಿ ಶುಲ್ಕ ತೆತ್ತು. ಮಾರುವ ಹೊತ್ತಿಗೆ ಕೊಳ್ಳುವವರ ಕೈ ಬಿಗಿಯಾಗಿತ್ತು, ಬ್ಯಾಂಕ್ ಸಾಲವೂ ಸುಲಭವಿರಲಿಲ್ಲ. ತಳಿಗಾರರು ಹಿಂದೆ ಸರಿದರು. 2013ರ ಹೊತ್ತಿಗೆ ಹುಟ್ಟುವ ಥರೋಬ್ರೆಡ್ (ರೇಸ್ ತಳಿ) ಮರಿಗಳ ಸಂಖ್ಯೆ ಸುಮಾರು ಮೂರನೇ ಒಂದು ಭಾಗ ಕಡಿಮೆಯಾಯಿತು.

ಸವಾರಿಗೆಂದು ಕುದುರೆ ಸಾಕಿದ ಕುಟುಂಬಗಳ ಕಷ್ಟ ಬೇರೆ. 25–30 ವರ್ಷ ಬದುಕುವ ಪ್ರಾಣಿಗೆ ಮೇವು, ಲಾಳ, ಲಾಯದ ಬಾಡಿಗೆ, ಚಿಕಿತ್ಸೆ ಯಾವುದೂ ತಪ್ಪುವುದಿಲ್ಲ. ಕೆಲಸ ಕಳೆದುಕೊಂಡವರು ಮಾರಲು ಹೊರಟರೆ ಕೊಳ್ಳುವವರಿಲ್ಲ. ದೇಶದ ಕುದುರೆ ಕಸಾಯಿಖಾನೆಗಳು 2007ರಲ್ಲೇ ಮುಚ್ಚಿದ್ದರಿಂದ ಅಗ್ಗದ ಕುದುರೆಗಳ ಬೆಲೆ ಮತ್ತಷ್ಟು ಬಿತ್ತು.

ಹೊರೆ ಕೊನೆಗೆ ಬಿದ್ದದ್ದು ಮೂಕಪ್ರಾಣಿಯ ಮೇಲೆ. ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆಯ 2011ರ ವರದಿಯ ಪ್ರಕಾರ, ಕೊಲರಾಡೊದಲ್ಲಿ ಕುದುರೆಗಳ ಹಿಂಸೆ, ನಿರ್ಲಕ್ಷ್ಯದ ಬಗ್ಗೆ 2005ರಲ್ಲಿ 975 ತನಿಖೆಗಳು ನಡೆದಿದ್ದವು, 2009ರಲ್ಲಿ 1,588. ಬಿಟ್ಟುಹೋದ ಕುದುರೆಗಳನ್ನು ಸಲಹುವ ಆಶ್ರಯತಾಣಗಳಲ್ಲೂ ಜಾಗ ಸಾಲದಾಯಿತು.