ಜೋಡಿ ರೋಗ ಮತ್ತು ವೈದ್ಯರ ಶಿಕ್ಷಣ

ಸೊರಬ ಸೀಮೆಯ ಒಬ್ಬ ಕೃಷಿಕಾರ್ಮಿಕನನ್ನು ಕಲ್ಪಿಸಿಕೊಳ್ಳೋಣ. ವಯಸ್ಸು ಮೂವತ್ತರ ಆಸುಪಾಸು. ಕೆಲವು ತಿಂಗಳುಗಳಿಂದ ಯಾರೋ ತನ್ನನ್ನು ಬೈಯುವ ದನಿ ಅವನ ಕಿವಿಗೆ ಕೇಳುತ್ತಿದೆ, ರಾತ್ರಿ ನಿದ್ರೆಯಿಲ್ಲ. ಕುಡಿದರೆ ದನಿ ಸ್ವಲ್ಪ ಹೊತ್ತು ಅಡಗುತ್ತದೆಂದು ಕುಡಿಯುತ್ತಾನೆ. ಕುಡಿತ ಬಲಿತಂತೆ ದನಿಯೂ ಬಲಿಯುತ್ತದೆ. ಮನೆಯವರು ವ್ಯಸನಮುಕ್ತಿ ಕೇಂದ್ರಕ್ಕೆ ಕರೆದೊಯ್ದರೆ, "ಇದು ತಲೆಯ ಕಾಯಿಲೆ, ಮನೋವೈದ್ಯರಲ್ಲಿಗೆ ಹೋಗಿ" ಎನ್ನುತ್ತಾರೆ. ಮನೋವೈದ್ಯರಲ್ಲಿಗೆ ಹೋದರೆ, "ಮೊದಲು ಕುಡಿತ ಬಿಡಿಸಿಕೊಂಡು ಬನ್ನಿ" ಎಂಬ ಉತ್ತರ. ಎರಡು ಬಾಗಿಲುಗಳ ನಡುವಣ ಅಲೆದಾಟದಲ್ಲಿ ಹಲವು ದಿನಗಳ ಕೂಲಿ ಕರಗುತ್ತದೆ. ಮೂರನೆಯ ಸಲ ಅವನು ಎಲ್ಲಿಗೂ ಹೋಗುವುದಿಲ್ಲ.

ವ್ಯಸನವೂ ಮನೋರೋಗವೂ ಹೀಗೆ ಒಬ್ಬನಲ್ಲಿಯೇ ಕೂಡಿ ನೆಲೆಸಿದಾಗ ಅದನ್ನು ಜೋಡಿ ರೋಗವೆನ್ನಬಹುದು. ಇದು ಅಪರೂಪವಲ್ಲ. ಅಮೆರಿಕದ ಐದು ಪ್ರದೇಶಗಳಲ್ಲಿ ಸುಮಾರು 20,000 ಜನರನ್ನು ಪರಿಶೀಲಿಸಿ 1990ರಲ್ಲಿ ಪ್ರಕಟಿಸಿದ ವರದಿಯೊಂದು, ಸ್ಕಿಜೋಫ್ರೀನಿಯಾ ರೋಗಿಗಳಲ್ಲಿ ನೂರಕ್ಕೆ 47 ಮಂದಿ ಬಾಳಿನಲ್ಲಿ ಎಂದಾದರೂ ಮದ್ಯ ಅಥವಾ ಮಾದಕ ವಸ್ತುವಿನ ಹಿಡಿತಕ್ಕೆ ಸಿಕ್ಕಿದ್ದರೆಂದು ತೋರಿಸಿತು. ನಮ್ಮ ದೇಶದಲ್ಲಿ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಂತೆ, ಮದ್ಯವ್ಯಸನದಿಂದ ಬಳಲುವವರಲ್ಲಿ ನೂರಕ್ಕೆ ಸುಮಾರು 86 ಮಂದಿಗೆ ಯಾವ ಚಿಕಿತ್ಸೆಯೂ ದೊರೆತಿರಲಿಲ್ಲ.

ಬಾಗಿಲುಗಳು ಎರಡಾದದ್ದು ಹೇಗೆ? ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ 1982ರಲ್ಲಿ ಆರೋಗ್ಯ ಇಲಾಖೆಯ ಆಶ್ರಯದಲ್ಲಿ ಹುಟ್ಟಿತು. ವ್ಯಸನಮುಕ್ತಿ ಕೇಂದ್ರಗಳಿಗೆ ನೆರವು ನೀಡುವ ಯೋಜನೆ 1985-86ರಲ್ಲಿ ಸಮಾಜಕಲ್ಯಾಣದ ಕಡೆಯಿಂದ ಬಂದಿತು. ಕುಡಿತ ನಡತೆಯ ದೋಷ, ಹುಚ್ಚು ವೈದ್ಯನ ಪಾಲು ಎಂಬ ಹಳೆಯ ಭಾವನೆಗೆ ಈ ವಿಂಗಡಣೆ ಒಪ್ಪುವಂತೆಯೇ ಇತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಮನೋರೋಗದ ವ್ಯಾಖ್ಯೆಯೊಳಗೆ ತಂದಿತು. ಕಾಗದದ ಮೇಲೆ ಕೂಡಿದ್ದು ಚಿಕಿತ್ಸಾಕೊಠಡಿಯಲ್ಲಿ ಕೂಡಬೇಕಾದರೆ ವೈದ್ಯನ ಶಿಕ್ಷಣವೇ ಬದಲಾಗಬೇಕು.

ಕೂಡಿಸಿ ನೋಡುವುದರ ಬೆಲೆ ಸೊರಬ ತಾಲ್ಲೂಕಿಗೆ ಹೊಸದಲ್ಲ. 1957ರಲ್ಲಿ ಇಲ್ಲಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು. ಸುತ್ತಲ ಹಳ್ಳಿಗಳ ಜನ ಜ್ವರದಿಂದ ನರಳುತ್ತಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಎರಡನ್ನೂ ಒಟ್ಟಿಗೆ ಪರೀಕ್ಷಿಸಿದ್ದರಿಂದಲೇ ಉಣುಗಿನ ಮೂಲಕ ಹರಡುವ ಹೊಸ ವೈರಸ್ ಒಂದು ಪತ್ತೆಯಾಯಿತು. ಜೋಡಿ ರೋಗದಲ್ಲಿ ಎರಡಕ್ಕೂ ಕಾರಣ ಒಂದೇ ಆಗಿರಬೇಕೆಂದಿಲ್ಲ. ಆದರೆ ಎರಡನ್ನೂ ಕಾಣುವ ಕಣ್ಣು ಒಂದೇ ಆಗಿರಬೇಕು.

ಆ ಕಣ್ಣಿಗೆ ಕಲಿಸಬೇಕಾದ ಮೊದಲ ಪಾಠ ಕಾಲಗಣನೆ. ದನಿ ಮೊದಲು ಬಂದಿತೋ, ಕುಡಿತವೋ? ಕುಡಿಯದೆ ಇದ್ದ ತಿಂಗಳುಗಳಲ್ಲಿ ಮನಸ್ಸು ಹೇಗಿತ್ತು? ಇದನ್ನು ರೋಗಿಗಿಂತ ಅವನ ಹೆಂಡತಿ ಅಥವಾ ತಾಯಿ ಸ್ಪಷ್ಟವಾಗಿ ಹೇಳಬಲ್ಲರು. ಮದ್ಯವ್ಯಸನಿಗಳಲ್ಲಿ ಕಾಣುವ ಖಿನ್ನತೆ ಅನೇಕ ವೇಳೆ ಕುಡಿತ ನಿಂತ ಎರಡರಿಂದ ನಾಲ್ಕು ವಾರಗಳಲ್ಲಿ ತಾನಾಗಿಯೇ ತಿಳಿಯಾಗುತ್ತದೆ. ಆದರೆ ಆತ್ಮಹತ್ಯೆಯ ಮಾತು ಬಂದಲ್ಲಿ, ಅಥವಾ ಖಿನ್ನತೆ ಕುಡಿತಕ್ಕಿಂತ ಹಳೆಯದಾಗಿದ್ದಲ್ಲಿ, ಕಾಯುತ್ತ ಕೂರುವುದು ಸಲ್ಲದು.

ಎರಡನೆಯ ಪಾಠ ಜೀವ ಉಳಿಸುವಂಥದು. ನಿತ್ಯ ಹೆಚ್ಚು ಕುಡಿಯುವವನು ಥಟ್ಟನೆ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಕೈನಡುಕ, ಸೆಳವು ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಸನ್ನಿ ಹಿಡಿಯಬಹುದು. ಸನ್ನಿಯಲ್ಲಿ ಹುಳುಹುಪ್ಪಟೆ ಕಾಣುತ್ತವೆ, ದಿನ ಸ್ಥಳಗಳ ಅರಿವು ತಪ್ಪುತ್ತದೆ. ಸ್ಕಿಜೋಫ್ರೀನಿಯಾದಲ್ಲಾದರೋ ಸಾಮಾನ್ಯವಾಗಿ ಎಚ್ಚರ ತಿಳಿಯಾಗಿದ್ದೂ ದನಿ ಕೇಳುತ್ತದೆ. ಸನ್ನಿಯನ್ನು ಹುಚ್ಚೆಂದು ಬಗೆದು ಕೋಣೆಯಲ್ಲಿ ಕೂಡಿಹಾಕಿದರೆ ರೋಗಿ ಸಾಯಬಹುದು. ಆಹಾರವಿಲ್ಲದೆ ಸೊರಗಿದ ಕುಡುಕನಿಗೆ ಗ್ಲೂಕೋಸ್ ಏರಿಸುವ ಮುನ್ನ ಥಯಮಿನ್ ಕೊಡಬೇಕೆಂಬ ಸಣ್ಣ ನಿಯಮ ಅವನ ನೆನಪಿನ ಶಕ್ತಿಯನ್ನು ಕಾಪಾಡಬಲ್ಲದು.

ಮೂರನೆಯದು ಔಷಧಗಳ ಪರಸ್ಪರ ಸಂಬಂಧ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಕೆಲವರಲ್ಲಿ ಮನೋವಿಕಾರವನ್ನು ಕೆರಳಿಸಬಹುದು. ರೋಗಿಗೆ ತಿಳಿಯದಂತೆ ಅನ್ನದಲ್ಲಿ ಬೆರೆಸುವುದು ಪ್ರಾಣಾಪಾಯಕರ. ಬೀಡಿಯ ಹೊಗೆ ಕ್ಲೋಜಪೈನ್‌ನಂಥ ಔಷಧವನ್ನು ದೇಹದಲ್ಲಿ ಬೇಗ ಕರಗಿಸುತ್ತದೆ. ಬೀಡಿ ಬಿಟ್ಟೊಡನೆ ಹಳೆಯ ಪ್ರಮಾಣವೇ ಅತಿಯಾಗಬಹುದು. ವ್ಯಸನವನ್ನು ವಿಚಾರಿಸದ ವೈದ್ಯನಿಗೆ ಇವು ತೋಚುವುದಿಲ್ಲ.

ಕೊನೆಯದು ಮಾತಿನ ಶಿಕ್ಷಣ. ಗದರಿಸಿದರೆ ವ್ಯಸನಿ ಸುಳ್ಳು ಹೇಳುವನು ಇಲ್ಲವೆ ಮತ್ತೆ ಬಾರನು. ಬಿಡಬೇಕೆಂಬ ಕಾರಣವನ್ನು ಅವನ ಬಾಯಿಂದಲೇ ಹೊರಡಿಸುವ ಸಂಭಾಷಣಾಕ್ರಮವನ್ನು ವಿಲಿಯಂ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞರು 1983ರಲ್ಲಿ ನಿರೂಪಿಸಿದರು. ಇದು ಉಪನ್ಯಾಸದಿಂದ ಬರುವ ವಿದ್ಯೆಯಲ್ಲ; ಅನುಭವಿಗಳ ಎದುರಿನಲ್ಲಿ ಆಡಿ, ತಿದ್ದಿಸಿಕೊಂಡು ಬರತಕ್ಕದ್ದು.

ಇಂಥ ಶಿಕ್ಷಣ ತಾಲ್ಲೂಕನ್ನು ಮುಟ್ಟುವ ದಾರಿಗಳನ್ನು ಕರ್ನಾಟಕ ಮೊದಲೇ ತುಳಿದಿದೆ. 1985ರಿಂದ ಐದು ವರ್ಷ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರೂ ಕಾರ್ಯಕರ್ತರೂ ಮನೋರೋಗಗಳ ಚಿಕಿತ್ಸೆಯನ್ನು ಕಲಿತರು; ದೇಶದ ಜಿಲ್ಲಾ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. 2014ರಲ್ಲಿ ಆರಂಭವಾದ ಮನೋಚೈತನ್ಯ ಯೋಜನೆ ಮಂಗಳವಾರಗಳಂದು ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗೆ ಕಳುಹಿಸುವ ಉದ್ದೇಶದ್ದು. ದೂರದ ವೈದ್ಯರು ತಮ್ಮ ರೋಗಿಗಳ ವೃತ್ತಾಂತವನ್ನು ವಿಡಿಯೊ ಮೂಲಕ ತಜ್ಞರ ಮುಂದಿಟ್ಟು ಚರ್ಚಿಸುವ ಪದ್ಧತಿಯನ್ನೂ ನಿಮ್ಹಾನ್ಸ್ ಅಳವಡಿಸಿಕೊಂಡಿದೆ. ತಜ್ಞರು ಬರುವ ದಿನ ಶಿಕಾರಿಪುರದ, ಸೊರಬದ ವೈದ್ಯರೂ ದಾದಿಯರೂ ಆಪ್ತಸಮಾಲೋಚಕರೂ ಪಕ್ಕದಲ್ಲಿ ಕುಳಿತು ಒಂದೇ ರೋಗಿಯ ಎರಡೂ ರೋಗಗಳನ್ನು ನೋಡುವುದಾದರೆ, ಅದೇ ದಿನ ಪಾಠಶಾಲೆಯೂ ಆದೀತು. ಉಳಿದ ದಿನಗಳಲ್ಲಿ ಬಂದ ರೋಗಿಯನ್ನು ಬೇರೆ ಬಾಗಿಲಿಗೆ ಅಟ್ಟಬೇಕಾಗದು.

ಶಿಕಾರಿಪುರದ ಸಮೀಪದ ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನ, ಅದನ್ನು ಹಲವು ಶಾಸ್ತ್ರಗಳ ವ್ಯಾಖ್ಯಾನದ ಸ್ಥಳವೆಂದೂ, ದೀನರಿಗೆ ಅನ್ನವಿಕ್ಕುವ ಸ್ಥಳವೆಂದೂ, ಅನಾಥರಾದ ರೋಗಿಗಳಿಗೆ ಔಷಧ ಕೊಡುವ ಸ್ಥಳವೆಂದೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಕಲಿಕೆಯೂ ಚಿಕಿತ್ಸೆಯೂ ಒಂದೇ ಆವರಣದಲ್ಲಿ ನಡೆಯುವುದು ಈ ನಾಡಿಗೆ ಪರಕೀಯವಾದ ಆದರ್ಶವೇನಲ್ಲ.