‘ನಿರೀಕ್ಷಿತ ಕುಟುಂಬ ವಂತಿಗೆ’ ಎಂಬ ಸಂಜ್ಞೆಯ ವಿಚಾರ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಕಾಲೇಜು ವ್ಯಾಸಂಗಕ್ಕೆ ಸರ್ಕಾರದ ಧನಸಹಾಯವನ್ನು ಬೇಡುವ ವಿದ್ಯಾರ್ಥಿಯು ‘ಫ್ಯಾಫ್ಸಾ’ ಎಂಬ ಅರ್ಜಿಯನ್ನು ಸಲ್ಲಿಸತಕ್ಕುದು. ಅದರಲ್ಲಿ ಕೊಟ್ಟ ಆದಾಯ, ಆಸ್ತಿಗಳ ವಿವರದಿಂದ ಒಂದು ಸಂಖ್ಯೆಯನ್ನು ಗಣಿಸುತ್ತಾರೆ. ಇದಕ್ಕೆ 2023-24ನೆಯ ವ್ಯಾಸಂಗವರ್ಷದವರೆಗೆ ‘ನಿರೀಕ್ಷಿತ ಕುಟುಂಬ ವಂತಿಗೆ’ ಎಂಬರ್ಥದ ಹೆಸರಿದ್ದಿತು. ಕುಟುಂಬವು ಕೊಡಬೇಕಾದ ಹಣವೇ ಇದೆಂದು ಅನೇಕರು ತಿಳಿದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದು ಅನ್ವರ್ಥನಾಮವಾಗಿರಲಿಲ್ಲ. ಪಾಣಿನಿಯ ‘ನದೀ’ ಸಂಜ್ಞೆಯಂತೆ ಕೇವಲ ಪಾರಿಭಾಷಿಕ. ಅಲ್ಲಿ ನೀರನ್ನು ಹುಡುಕಿದವನಿಗೆ ಈಕಾರಾಂತ, ಊಕಾರಾಂತ ಸ್ತ್ರೀಲಿಂಗ ಶಬ್ದಗಳು ಮಾತ್ರ ಸಿಕ್ಕಾವು!

ವ್ಯಾಸಂಗದ ಒಟ್ಟು ವೆಚ್ಚದಲ್ಲಿ ಈ ಸಂಖ್ಯೆಯನ್ನು ಕಳೆದರೆ ಉಳಿಯುವುದು ‘ಅವಶ್ಯಕತೆ’. ವೆಚ್ಚವು 60,000 ಡಾಲರು, ಸಂಖ್ಯೆಯು 24,000 ಎಂದಿಟ್ಟುಕೊಂಡರೆ ಅವಶ್ಯಕತೆಯು 36,000. ಅದನ್ನು ಪೂರ್ಣವಾಗಿ ತುಂಬಲೇಬೇಕೆಂಬ ಕಟ್ಟಳೆಯು ಕಾಲೇಜಿಗಿಲ್ಲ. ಅದು 20,000 ದೊರಕಿಸಿ ಸುಮ್ಮನಾದರೆ ಕುಟುಂಬದ ಮೇಲೆ ಬೀಳುವುದು 40,000. ದೊರಕಿದುದರಲ್ಲಿಯೂ ತೀರಿಸಬೇಕಾದ ಸಾಲವು ಸೇರಿರಬಹುದು.

2020ರಲ್ಲಿ ಅಂಗೀಕೃತವಾದ ಕಾಯಿದೆಯಂತೆ 2024-25ರಿಂದ ‘ವಿದ್ಯಾರ್ಥಿ ಸಹಾಯ ಸೂಚ್ಯಂಕ’ವೆಂಬ ಹೆಸರು ಬಂದಿತು. ಈ ಅಂಕವು ಶೂನ್ಯಕ್ಕಿಂತ ಕೆಳಗೆ, −1,500ರವರೆಗೆ, ಇಳಿಯಬಹುದು. ವಂತಿಗೆಯೆಂದಿದ್ದರೆ ಇದು ಅಸಂಗತವಾಗುತ್ತಿದ್ದಿತು. ಹೆಸರಿನ ತಿದ್ದುಪಡಿಯು ಯುಕ್ತವೇ ಸರಿ. ಆದರೆ ಅದರೊಡನೆ ಬಂದ ಇನ್ನೊಂದು ಬದಲಾವಣೆಯನ್ನು ನಾನು ಹಾಗೆ ಹೊಗಳಲಾರೆ. ಹಿಂದೆ ಒಡಹುಟ್ಟಿದವರಿಬ್ಬರು ಏಕಕಾಲದಲ್ಲಿ ಕಾಲೇಜಿನಲ್ಲಿದ್ದರೆ ತಂದೆತಾಯಿಗಳ ಪಾಲನ್ನು ಎರಡಾಗಿ ಭಾಗಿಸುತ್ತಿದ್ದರು. 24,000 ಇದ್ದುದು ತಲೆಗೆ 12,000 ಆಗುತ್ತಿದ್ದಿತು. ಈಗ ಆ ಭಾಗಾಹಾರವಿಲ್ಲ. ಅವಳಿಮಕ್ಕಳ ಮನೆಯಲ್ಲಿ ಇದರ ಭಾರವೆಷ್ಟೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಂದಾಜುಮಾಡುವವರು ಹಣವು ಯಾರ ಹೆಸರಿನಲ್ಲಿದೆಯೆಂಬುದನ್ನು ಗಮನಿಸತಕ್ಕುದು. ತಂದೆತಾಯಿಗಳ ಉಳಿತಾಯದ 10,000 ಡಾಲರುಗಳಿಂದ ಸೂಚ್ಯಂಕವು ಹೆಚ್ಚೆಂದರೆ 564ರಷ್ಟು ಏರುತ್ತದೆ. ಅದೇ ಹಣವು ವಿದ್ಯಾರ್ಥಿಯ ಹೆಸರಿನಲ್ಲಿದ್ದರೆ ಸಾಮಾನ್ಯವಾಗಿ 2,000. ವಾಸದ ಮನೆಯನ್ನೂ ನಿವೃತ್ತಿನಿಧಿಯ ಶೇಷವನ್ನೂ ಆಸ್ತಿಯೆಂದು ಎಣಿಸುವುದಿಲ್ಲ. ‘ಸಿ.ಎಸ್.ಎಸ್. ಪ್ರೊಫೈಲ್’ ಎಂಬ ಬೇರೊಂದು ಅರ್ಜಿಯನ್ನು ಕೇಳುವ ಕೆಲವು ಕಾಲೇಜುಗಳು ಮನೆಯನ್ನೂ ಲೆಕ್ಕಕ್ಕೆ ಹಿಡಿಯುವುದುಂಟು.

ಅಲ್ಲಿ ನೆಲಸಿರುವ ಕನ್ನಡಿಗರಲ್ಲಿ ಪೌರರ ಹಾಗೂ ಕಾಯಂ ನಿವಾಸದ ಹಕ್ಕು ಪಡೆದವರ ವಿಷಯಕ್ಕೆ ಇದೆಲ್ಲ ಅನ್ವಯಿಸುತ್ತದೆ. ತಾತ್ಕಾಲಿಕ ಉದ್ಯೋಗದ ವೀಸಾದಲ್ಲಿರುವವರ ಅವಲಂಬಿತರಾಗಿರುವ ಮಕ್ಕಳಿಗೆ ಈ ಸರ್ಕಾರೀ ಸಹಾಯವಿಲ್ಲ.

ಗಣನೆಗೆ ತೆಗೆದುಕೊಳ್ಳುವ ಆದಾಯವು ಎರಡು ವರ್ಷ ಹಿಂದಿನದು: 2026-27ಕ್ಕೆ 2024ರದು. ಈ ನಡುವೆ ಉದ್ಯೋಗವು ಹೋಗಿದ್ದರೆ, ದಾಖಲೆಗಳೊಡನೆ ಕಾಲೇಜಿನ ಧನಸಹಾಯಾಧಿಕಾರಿಗೆ ಬರೆದುಕೊಳ್ಳಬಹುದು. ಲೆಕ್ಕವನ್ನು ಪರಿಷ್ಕರಿಸುವ ಅಧಿಕಾರವನ್ನು ಕಾಯಿದೆಯೇ ಅವರಿಗೆ ಕೊಟ್ಟಿದೆ.