ಮಂಡಿ ಬರೀ ಬೇರಿಂಗ್ ಅಲ್ಲ

ಮನೆಯಲ್ಲಿ ಯಾರಿಗಾದ್ರೂ ಮಂಡಿನೋವು ಶುರುವಾದ್ರೆ ಮೊದಲು ಬರೋ ಮಾತು, "ವಯಸ್ಸಾಯ್ತಲ್ಲ, ಸವೆದಿದೆ." ಮೆಕ್ಯಾನಿಕಲ್‌ನವರಿಗಂತೂ ಈ ವಿವರಣೆ ತುಂಬಾ ಹಿಡಿಸುತ್ತೆ. ಲೋಡ್ ಇದೆ, ಘರ್ಷಣೆ ಇದೆ, ವರ್ಷಗಟ್ಟಲೆ ಓಡಿದೆ, ಬೇರಿಂಗ್ ಹೋಯ್ತು. ಆಸ್ಟಿಯೋಆರ್ಥ್ರೈಟಿಸ್ ಅಂದ್ರೆ ಇಷ್ಟೇನಾ?

ಇಷ್ಟೇ ಆಗಿದ್ರೆ ಒಂದು ಲೆಕ್ಕ ತಾಳೆ ಆಗಲ್ಲ. ಬೊಜ್ಜು ಇರುವವರಲ್ಲಿ ಮಂಡಿಯಷ್ಟೇ ಅಲ್ಲ, ಕೈಬೆರಳಿನ ಕೀಲುಗಳಲ್ಲೂ ಈ ಕಾಯಿಲೆ ಹೆಚ್ಚು. ಬೆರಳುಗಳ ಮೇಲೆ ಯಾರೂ ನಡೆಯಲ್ಲವಲ್ಲ! ಅಂದ್ರೆ ಭಾರದ ಜೊತೆಗೆ ರಕ್ತದಲ್ಲಿ ಹರಿದು ಬರುವ ಇನ್ನೇನೋ ಕೆಲಸ ಮಾಡುತ್ತಿದೆ.

ಮೂಳೆಯ ತುದಿಗೆ ಹೊದಿಕೆಯಂತಿರುವ ಕಾರ್ಟಿಲೇಜ್ ಜೀವವಿಲ್ಲದ ಬುಷ್ ಅಲ್ಲ. ಅದರೊಳಗಿನ ಜೀವಕೋಶಗಳು ಹಳೆಯದನ್ನು ಒಡೆದು ಹೊಸದನ್ನು ಕಟ್ಟುತ್ತಲೇ ಇರುತ್ತವೆ. ದೇಹದಲ್ಲಿ ಉರಿಯೂತದ ಸಂದೇಶಗಳು ಹೆಚ್ಚಾದರೆ ಒಡೆಯುವ ಕಿಣ್ವಗಳ ಕೈ ಮೇಲಾಗುತ್ತದೆ. ಹಾಗಾಗಿ 'ಸವೆತ' ಅಂತ ನಾವು ಕರೆಯೋದರಲ್ಲಿ ತಿಕ್ಕಾಟದ ಪಾಲು ಎಷ್ಟಿದೆಯೋ, ರಸಾಯನದ ಪಾಲೂ ಇದೆ.

ಈ ಉರಿಯೂತ ಎಲ್ಲಿಂದ ಬರುತ್ತೆ? ಕೊಬ್ಬಿನ ಅಂಗಾಂಶ ಒಂದು ಮೂಲ. ಇನ್ನೊಂದು ಮೂಲ ಕರುಳು ಇರಬಹುದು. 2016ರ ಒಂದು ಅಂದಾಜಿನ ಪ್ರಕಾರ ನಮ್ಮ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ, ಬಹುಪಾಲು ದೊಡ್ಡ ಕರುಳಿನಲ್ಲಿ. ಅವುಗಳನ್ನೂ ನಮ್ಮ ರಕ್ತವನ್ನೂ ಬೇರ್ಪಡಿಸುವ ಒಳಪದರ ಒಂದೇ ಒಂದು ಜೀವಕೋಶದಷ್ಟು ದಪ್ಪ. ನಾವು ತಿಂದ ನಾರಿನಂಶವನ್ನು ಕೆಲವು ಬ್ಯಾಕ್ಟೀರಿಯಾಗಳು ಬ್ಯುಟಿರೇಟ್ ಎಂಬ ಆಮ್ಲವಾಗಿಸುತ್ತವೆ. ಆ ಒಳಪದರದ ಕೋಶಗಳಿಗೆ ಅದೇ ಮುಖ್ಯ ಇಂಧನ. ನಾರು ಕಡಿಮೆಯಾಗಿ ಕೊಬ್ಬು ಹೆಚ್ಚಾದರೆ ಈ ಗೋಡೆ ಸಡಿಲವಾಗಿ, ಬ್ಯಾಕ್ಟೀರಿಯಾಗಳ ಹೊರಕವಚದ ಚೂರು ಎಲ್‌ಪಿಎಸ್ ರಕ್ತಕ್ಕೆ ಸೋರಬಹುದು. ರೋಗನಿರೋಧಕ ವ್ಯವಸ್ಥೆಗೆ ಅದು ಅಲಾರಂ ಇದ್ದಂತೆ. ಮಂಡಿಯ ಆಸ್ಟಿಯೋಆರ್ಥ್ರೈಟಿಸ್ ಇರುವವರ ರಕ್ತದಲ್ಲೂ ಕೀಲಿನ ದ್ರವದಲ್ಲೂ ಎಲ್‌ಪಿಎಸ್ ಪ್ರಮಾಣಕ್ಕೂ ಕಾಯಿಲೆಯ ತೀವ್ರತೆಗೂ ನಂಟಿರುವುದನ್ನು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ವರದಿ ಮಾಡಿದರು.

ನಂಟು ಅಂದ ಮಾತ್ರಕ್ಕೆ ಕಾರಣ ಅಂತಲ್ಲ. ಅದಕ್ಕೆ ಪ್ರಯೋಗವೇ ಬೇಕು. 2018ರಲ್ಲಿ ರೋಚೆಸ್ಟರ್ ವಿಶ್ವವಿದ್ಯಾಲಯದ ತಂಡ ಇಲಿಗಳಿಗೆ ಕೊಬ್ಬಿನ ಆಹಾರ ಕೊಟ್ಟು ದಪ್ಪ ಮಾಡಿ, ಮಂಡಿಗೆ ಗಾಯ ಮಾಡಿತು. ಕೆಲವಕ್ಕೆ ಆಹಾರದ ಜೊತೆ ಆಲಿಗೋಫ್ರಕ್ಟೋಸ್ ಎಂಬ ನಾರನ್ನೂ ಸೇರಿಸಿತು. ನಾರು ತಿಂದ ಇಲಿಗಳ ಕರುಳಿನಲ್ಲಿ ಬಿಫಿಡೋಬ್ಯಾಕ್ಟೀರಿಯಾ ಹೆಚ್ಚಾಯಿತು, ಉರಿಯೂತ ಇಳಿಯಿತು, ಕಾರ್ಟಿಲೇಜ್ ಉಳಿಯಿತು. ಆದರೆ ತೂಕ ಇಳಿಯಲಿಲ್ಲ! ಲೋಡ್ ಅಷ್ಟೇ ಇದ್ದೂ ಸವೆತ ಕಡಿಮೆಯಾಯಿತು ಅಂದ್ರೆ ಬರೀ ಬೇರಿಂಗ್ ಮಾಡೆಲ್‌ನಿಂದ ಅದನ್ನು ವಿವರಿಸೋಕಾಗಲ್ಲ.

ಮನುಷ್ಯರಲ್ಲಿ? ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ಅಧ್ಯಯನದ 1,427 ಜನರಲ್ಲಿ, ಕರುಳಿನಲ್ಲಿ ಸ್ಟ್ರೆಪ್ಟೋಕಾಕಸ್ ಹೆಚ್ಚಿದ್ದವರಿಗೆ ಮಂಡಿನೋವೂ ಹೆಚ್ಚು ಎಂದು 2019ರಲ್ಲಿ ಪ್ರಕಟವಾಯಿತು. ಆದರೆ ನೋವಿರುವವರು ಓಡಾಡೋದು ಕಡಿಮೆ, ನೋವಿನ ಮಾತ್ರೆ ನುಂಗೋದು ಜಾಸ್ತಿ. ಅದರಿಂದಲೂ ಕರುಳು ಬದಲಾಗಬಹುದು. ಬಾಣದ ಗುರುತು ಯಾವ ಕಡೆಗೆ ಅಂತ ಇಷ್ಟರಿಂದಲೇ ಹೇಳೋಕಾಗಲ್ಲ. ಚೀನಾದಲ್ಲಿ 537 ಮಂಡಿನೋವಿನ ರೋಗಿಗಳ ಮೇಲೆ ಆರು ತಿಂಗಳ ಪ್ರಯೋಗವೂ ನಡೆದಿದೆ. ಯಾಕುಲ್ಟ್‌ನಲ್ಲಿರುವ ಲ್ಯಾಕ್ಟೋಬ್ಯಾಸಿಲಸ್ ಕೇಸಿ ಶಿರೋಟಾ ತಳಿ ಬೆರೆಸಿದ ಹಾಲು ಕುಡಿದವರಲ್ಲಿ, ಅದಿಲ್ಲದ ಹಾಲು ಕುಡಿದವರಿಗಿಂತ ನೋವೂ ಉರಿಯೂತದ ಸೂಚಕವೂ ಕಡಿಮೆಯಾದವು ಎಂದು 2017ರಲ್ಲಿ ವರದಿಯಾಯಿತು. ಆಸೆ ಹುಟ್ಟಿಸುವ ಫಲಿತಾಂಶ. ಆದರೆ ನೋವು ಕಡಿಮೆಯಾಗೋದೇ ಬೇರೆ, ಸವೆದ ಕಾರ್ಟಿಲೇಜ್ ಮತ್ತೆ ಬೆಳೆಯೋದೇ ಬೇರೆ.

ಇಲ್ಲೇ ಹುಷಾರಾಗಿರಬೇಕು. ಒಂದು ತಳಿಯ ಫಲಿತಾಂಶ ಅಂಗಡಿಯಲ್ಲಿರುವ ಎಲ್ಲ ಪ್ರೋಬಯಾಟಿಕ್‌ಗೂ ಅನ್ವಯಿಸಲ್ಲ. ಮನೆಯ ಮೊಸರು ಒಳ್ಳೆಯದೇ, ಆದರೆ ಅದರಲ್ಲಿ ಯಾವ ತಳಿ ಎಷ್ಟಿದೆ ಅನ್ನೋದು ಮನೆಮನೆಗೂ ಬೇರೆ. ಅದನ್ನು ಮಂಡಿನೋವಿನ ಔಷಧಿ ಅನ್ನೋಕಾಗಲ್ಲ. "ಮಂಡಿ ಸವೆತ ಮಾಯ" ಅಂತ ಯಾರಾದ್ರೂ ದುಬಾರಿ ಪುಡಿ ಮಾರಿದರೆ ಕೇಳಬೇಕಾದ್ದು ಎರಡೇ ಪ್ರಶ್ನೆ: ಇದರಲ್ಲಿರೋ ತಳಿ ಯಾವುದು? ಅದೇ ತಳಿಯನ್ನು ಮಂಡಿನೋವಿರುವ ಮನುಷ್ಯರ ಮೇಲೆ ಪರೀಕ್ಷಿಸಿದ್ದಾರಾ?

ತೊಡೆಯ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ, ಹೆಚ್ಚಿರುವ ತೂಕ ಇಳಿಸೋದು: ವೈದ್ಯರು ಮೊದಲು ಹೇಳೋದು ಇವತ್ತಿಗೂ ಇದನ್ನೇ. ಇದರ ಜೊತೆಗೆ ತಟ್ಟೆಯಲ್ಲಿ ಕಾಳು, ಸೊಪ್ಪು, ರಾಗಿ ಇರಲಿ. ಮಂಡಿಗೆ ಅದರಿಂದ ಎಷ್ಟು ಲಾಭ ಅನ್ನೋದು ಮುಂದೆ ಗೊತ್ತಾಗಲಿ, ಕರುಳಿಗಂತೂ ನಷ್ಟವಿಲ್ಲ. ಮುಖ್ಯವಾಗಿ, "ಸವೆದಿದೆ, ಇನ್ನು ನಡೀಬೇಡಿ" ಅಂತ ಮನೆಯ ಹಿರಿಯರನ್ನು ಕೂರಿಸಿಬಿಡೋದು ಬೇಡ. ಬೇರಿಂಗ್ ಓಡಿದಷ್ಟೂ ಸವೆಯುತ್ತೆ. ರಕ್ತನಾಳಗಳಿಲ್ಲದ ಕಾರ್ಟಿಲೇಜ್‌ಗೆ ಆಹಾರ ಸಿಗೋದು ಕೀಲಿನ ದ್ರವದಿಂದ, ಅದೂ ಸ್ಪಂಜಿನಂತೆ ಅದುಮಿ ಬಿಟ್ಟಾಗ. ಮಿತವಾಗಿ ನಡೆದರೇನೇ ಅದಕ್ಕೆ ಊಟ.